ಹಾವೇರಿಯಿಂದ ರಾಣೆಬೆನ್ನೂರವರೆಗೆ ಒಂದು ಸಂಗೀತಶೋಧ

ಹಾವೇರಿಯೆಂದೊಡನೆ ವಾಚಕರಿಗೆ ಏಲಕ್ಕಿಯ ಮಾಲೆಯು ನೆನಪಾಗುವುದು, ಬ್ಯಾಡಗಿಯೆಂದೊಡನೆ ಮೆಣಸಿನಕಾಯಿ, ರಾಣೆಬೆನ್ನೂರೆಂದೊಡನೆ ಹತ್ತಿ, ಬೀಜ ಹಾಗೂ ಕೃಷ್ಣಮೃಗಗಳು. ಈ ಮೂರು ಊರುಗಳ ಹೆಸರನ್ನು ಕೇಳಿ ಸಂಗೀತವನ್ನು ನೆನೆಯುವವರು ವಿರಳ. ಆದರೂ ನಾವು ಎರಡು ವರುಷಗಳಿಂದ ಈ ಊರುಗಳ ಸಂಗೀತದ ಇತಿಹಾಸವನ್ನು ಬರೆಯಬೇಕೆಂದು ಹೊರಟು, ರೈಲಿನಲ್ಲಿಯೂ ಬಸ್ಸಿನಲ್ಲಿಯೂ ತಿರುಗಾಡುತ್ತಿದ್ದೇವೆ. ಆ ತಿರುಗಾಟದಲ್ಲಿ ಕಂಡು ಕೇಳಿದ ಸಂಗತಿಗಳನ್ನೂ, ಪುಸ್ತಕವು ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಎದುರಾದ ಒಂದು ಕಠಿಣ ಪ್ರಶ್ನೆಯನ್ನೂ ಇಲ್ಲಿ ನಿವೇದಿಸುವೆವು.

ನಮ್ಮನ್ನು ಈ ಕೆಲಸಕ್ಕೆ ಹಚ್ಚಿದ್ದು ಒಂದು ಪರದೇಶೀ ಸಂಗೀತದ ಪುಸ್ತಕವೆಂದರೆ ವಾಚಕರು ನಕ್ಕಾರು. ಮುಂಬಯಿಯ ಪತ್ರಕರ್ತರಾದ ನರೇಶ ಫರ್ನಾಂಡಿಸರು 2012ರಲ್ಲಿ 'ತಾಜ್ ಮಹಲ್ ಫಾಕ್ಸ್‌ಟ್ರಾಟ್' ಎಂಬ ಇಂಗ್ಲಿಷ್ ಗ್ರಂಥವನ್ನು ಹೊರತಂದರು. ಮುಂಬಯಿಯಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಅದನ್ನು ನಮಗೆ ಕಳುಹಿಸಿದನು. ಜಾಝ್ ಎಂಬುದು ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಆಫ್ರಿಕ ಮೂಲದ ಜನರ ನಡುವೆ ಹುಟ್ಟಿ ಬೆಳೆದ ಸಂಗೀತ. ಅದು 1930ರ ದಶಕದಲ್ಲಿ ಮುಂಬಯಿಯ ತಾಜ್ ಹೋಟೆಲಿಗೆ ಬಂದಿತು. ಲಿಯಾನ್ ಆ್ಯಬಿ ಎಂಬವನು 1935ರಲ್ಲಿ ತನ್ನ ಮೇಳವನ್ನು ಕರೆತಂದು ಅಲ್ಲಿ ನುಡಿಸಿದನು. ಇಗರ್ಜಿಯ ಶಾಲೆಗಳಲ್ಲಿ ಸ್ವರಲಿಪಿಯನ್ನು ಕಲಿತಿದ್ದ ಗೋವೆಯ ವಾದಕರು ಅದನ್ನು ಬಲುಬೇಗ ವಶಪಡಿಸಿಕೊಂಡರು. ಚಿಕ್ ಚಾಕಲೇಟ್ ಎಂಬ ತಮಾಷೆಯ ಹೆಸರಿನಿಂದ ಮೆರೆದ ತುತ್ತೂರಿಯ ವಾದಕನು ಅವರಲ್ಲೊಬ್ಬ. ಮುಂದೆ ಅದೇ ಗೋವೆಯವರು ಹಿಂದೀ ಚಲಚ್ಚಿತ್ರಗಳ ವಾದ್ಯಮೇಳಗಳಲ್ಲಿ ಸೇರಿಕೊಂಡರು. ನಾವೂ ನೀವೂ ಬಾಲ್ಯದಲ್ಲಿ ಕೇಳಿ ಗುಣುಗುಣಿಸಿದ ಎಷ್ಟೋ ಹಾಡುಗಳ ಹಿಂದೆ ಅವರ ಉಸಿರಿದೆ.

ಜಾಝ್ ಸಂಗೀತದ ಗಂಧಗಾಳಿ ನಮಗಿಲ್ಲ. ಗ್ರಂಥದೊಡನೆ ಬಂದಿದ್ದ ಧ್ವನಿಮುದ್ರಿಕೆಯನ್ನು ಮನೆಯಲ್ಲಿ ಹಚ್ಚಲಾಗಿ, ಎರಡನೆಯ ಹಾಡಿಗೇ ನಮ್ಮ ಮನೆಯವರು ಅಡಿಗೆಮನೆಯಿಂದ ಹೊರಬಂದು, ಯಾರಾದರೂ ಮನೆಗೆ ಬಂದರೆ ಏನೆಂದುಕೊಂಡಾರೆಂದು ಕೇಳಿದರು. ಮೊಮ್ಮಗನು ಮಾತ್ರ ತಾಳಕ್ಕೆ ಸರಿಯಾಗಿ ಕಾಲು ಕುಣಿಸುತ್ತಿದ್ದನು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ಗ್ರಂಥಕಾರರ ವಿಧಾನ. ಮುಪ್ಪಿನ ವಾದಕರ ಮಾತು, ಪೆಟ್ಟಿಗೆಯಲ್ಲಿ ಮಾಸಿದ ಭಾವಚಿತ್ರ, ಹಳೆಯ ಪತ್ರಿಕೆಯ ಜಾಹೀರಾತು, ಸವೆದ ಧ್ವನಿಮುದ್ರಿಕೆ ಇವುಗಳಿಂದಲೇ ಒಂದು ಪಟ್ಟಣವು ಮೂವತ್ತು ವರುಷ ಏನನ್ನು ಕೇಳಿತೆಂಬುದನ್ನು ಅವರು ಕಟ್ಟಿ ನಿಲ್ಲಿಸಿದ್ದಾರೆ. ಮುಂಬಯಿಯ ಕಿವಿಗೆ ಚರಿತ್ರೆಯುಂಟಾದರೆ ನಮ್ಮ ಹಾವೇರಿ ಸೀಮೆಯ ಕಿವಿಗೆ ಏಕಿರಬಾರದು ಎಂದುಕೊಂಡು ನಾವು ಹೊರಟೆವು.

ಹೊರಟ ಕೂಡಲೇ ಒಂದು ಅಡ್ಡಿ ಬಂದಿತು. ಈ ಸೀಮೆಯಲ್ಲಿ ಸಂಗೀತದ ದೊಡ್ಡವರು ಹುಟ್ಟಿದ್ದಾರೆ. ಆದರೆ ಹುಟ್ಟಿದವರೆಲ್ಲರೂ ಬೇರೆ ಊರಿನ ಕೀರ್ತಿಯಾದರು. ಉಭಯಗಾನ ವಿಶಾರದರೆನಿಸಿದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಕುರುಡು ಕೂಸಾಗಿ ಹುಟ್ಟಿದರು. ಅವರನ್ನು ಗುರುತಿಸಿ ಸಂಗೀತಕ್ಕೆ ಹಚ್ಚಿದ ಹಾನಗಲ್ಲ ಕುಮಾರಸ್ವಾಮಿಗಳು ರಾಣೆಬೆನ್ನೂರ ತಾಲೂಕಿನ ಜೋಯಿಸರಹರಳಹಳ್ಳಿಯವರು. ಗವಾಯಿಗಳು ಕರ್ನಾಟಕ ಪದ್ಧತಿಯನ್ನೂ ಹಿಂದುಸ್ತಾನೀ ಪದ್ಧತಿಯನ್ನೂ ಕಲಿತು, ಅಂಧ ಹಾಗೂ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುವ ಪಾಠಶಾಲೆಯನ್ನು ನಡೆಯಿಸಿದರು. ಆ ಶಾಲೆಯು ಕೊನೆಗೆ ನೆಲೆಯೂರಿದ್ದು ಗದಗಿನಲ್ಲಿ, ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಿನಿಂದ. 1944ರಲ್ಲಿ ಅವರು ಲಿಂಗೈಕ್ಯರಾದ ತರುವಾಯ ಆ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳೂ ಇದೇ ಸೀಮೆಯ ದೇವಗಿರಿಯವರು. (ಸಂಗೀತರತ್ನಾಕರವನ್ನು ರಚಿಸಿದ ಶಾರ್ಙ್ಗದೇವನಿದ್ದದ್ದೂ ದೇವಗಿರಿಯಲ್ಲೇ, ಅದು ಯಾದವರ ದೇವಗಿರಿ, ಇದು ನಮ್ಮ ಹಳ್ಳಿ. ಹೆಸರಿನ ಈ ಸಾಮ್ಯವನ್ನು ಕಂಡು ನಾವು ಒಬ್ಬರೇ ಸಂತೋಷಪಟ್ಟೆವು.) 2010ರ ಸಪ್ಟಂಬರದಲ್ಲಿ ಪುಟ್ಟರಾಜರು ತೀರಿಕೊಂಡಾಗ ಕನ್ನಡನಾಡೆಲ್ಲ ಗದಗಿನ ಕಡೆಗೆ ಮುಖ ಮಾಡಿ ನಿಂತಿತು. ಗಂಗೂಬಾಯಿಯವರ ಹೆಸರಿನಲ್ಲಿ ಹಾನಗಲ್ಲಿದೆ; ಹುಟ್ಟಿದ್ದು ಧಾರವಾಡದಲ್ಲಿ, 1913ರಲ್ಲಿ; ಬಾಳಿದ್ದು ಹುಬ್ಬಳ್ಳಿಯಲ್ಲಿ.

ಹೀಗಿರುವಾಗ ಹಾವೇರಿಗೆ, ಬ್ಯಾಡಗಿಗೆ, ರಾಣೆಬೆನ್ನೂರಿಗೆ ಉಳಿದಿದ್ದೇನು? ಉಳಿದವರು ಕೇಳುಗರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರೇಕ್ಷಕನ ಲಕ್ಷಣವನ್ನೂ ಹೇಳಿದ್ದಾನೆ. ಶಾರ್ಙ್ಗದೇವನು ಗಾಯಕನ ಗುಣದೋಷಗಳನ್ನು ಎಣಿಸಿ ಸುಮ್ಮನಾಗದೆ ಸಭೆಯ ಲಕ್ಷಣವನ್ನೂ ಬರೆದಿದ್ದಾನೆ. ಶಾಸ್ತ್ರಕಾರರು ಇಷ್ಟು ಮರ್ಯಾದೆಯನ್ನು ಕೊಟ್ಟ ಕೇಳುಗನಿಗೆ ನಮ್ಮ ಚರಿತ್ರಕಾರರು ಒಂದು ಪುಟವನ್ನೂ ಕೊಟ್ಟಿಲ್ಲ. ಆದ್ದರಿಂದ ನಮ್ಮ ಪುಸ್ತಕವು ಕೇಳಿದವರ ಪುಸ್ತಕವಾಗಬೇಕೆಂದು ನಿಶ್ಚಯಿಸಿದೆವು.

ಕೇಳುವ ಈ ಊರುಗಳಿಗೆ ಸಂಗೀತವನ್ನು ತಂದದ್ದು ಮುಖ್ಯವಾಗಿ ರೈಲು. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ಕುಂದಗೋಳ, ಯಲವಿಗಿ, ಸವಣೂರು, ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ಇವು ಒಂದೇ ದಾರದ ಮಣಿಗಳಂತೆ ಇವೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರು ಇದ್ದರು. ಅವರಲ್ಲಿ ಪಾಠ ಹೇಳಿಸಿಕೊಳ್ಳಲು ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಇದೇ ಹಳಿಗಳ ಮೇಲೆ ಹೋಗಿ ಬರುತ್ತಿದ್ದರು. ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಮಖಾನರ ಜೀವಮಾನವೂ ರೈಲಿನೊಡನೆ ಬೆಸೆದುಕೊಂಡಿತ್ತು; 1937ರಲ್ಲಿ ಮದರಾಸಿನ ಸಮೀಪದ ಸಿಂಗಪೆರುಮಾಳ ಕೋಯಿಲ್ ನಿಲ್ದಾಣದ ಕಟ್ಟೆಯ ಮೇಲೆಯೇ ಆ ಮಹಾನುಭಾವರು ಪ್ರಾಣಬಿಟ್ಟರು. ಇನ್ನು ನಾಟಕದ ಕಂಪನಿಗಳಂತೂ ಪರದೆ, ಪೆಟ್ಟಿಗೆ, ಹೆಂಡಿರು ಮಕ್ಕಳೊಡನೆ ರೈಲಿನಿಂದಲೇ ಇಳಿಯುತ್ತಿದ್ದವು. ವಾಮನರಾವ ಮಾಸ್ತರರ ವಿಶ್ವಗುಣಾದರ್ಶ ಮಂಡಳಿಯು ಇವುಗಳಲ್ಲಿ ಪ್ರಸಿದ್ಧವಾದದ್ದು. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಹುಡುಗರಿದ್ದಾಗ ಆ ಮಂಡಳಿಯಲ್ಲಿ ಬಣ್ಣ ಹಚ್ಚಿದವರು.

ಹಾವೇರಿಯಲ್ಲಿ ಇಳಿದು ಮೊದಲು ಸಿದ್ಧೇಶ್ವರನ ದರ್ಶನವನ್ನು ಮಾಡಿದೆವು. ಚಾಲುಕ್ಯರ ಕಾಲದ ಈ ಗುಡಿಯು ಪಶ್ಚಿಮಾಭಿಮುಖವಾಗಿದೆ. ಸಂಜೆಯ ಬಿಸಿಲು ಒಳಗಿನವರೆಗೆ ಹರಿಯುವಾಗ ಕಂಬಗಳ ತಿರುವು ಎಣ್ಣೆ ಹಚ್ಚಿದಂತೆ ಹೊಳೆಯುವುದು. ಗುಡಿಯ ವರ್ಣನೆಯನ್ನು ಬಲ್ಲವರು ಬರೆದಿರುವುದರಿಂದ ನಾವು ಮುಂದೆ ಸಾಗುತ್ತೇವೆ. ಪೇಟೆಯ ಹಿಂದಣ ಓಣಿಯಲ್ಲಿ ಒಬ್ಬ ವೃದ್ಧರಿದ್ದಾರೆ. ಮೊಳೆ ಜೋಡಿಸುವ ಕಾಲದಲ್ಲಿ ಒಂದು ಮುದ್ರಣಾಲಯದಲ್ಲಿ ದುಡಿದವರು. ನಾಟಕದ ಹಸ್ತಪತ್ರಗಳನ್ನು ಅಚ್ಚು ಮಾಡಿದಾಗಲೆಲ್ಲ ಒಂದೊಂದು ಪ್ರತಿಯನ್ನು ಮನೆಗೆ ಒಯ್ದು, ಅಡಿಗೆಮನೆಯ ಫಳಿಗಳಿಗೆ ಹಾಸುತ್ತಿದ್ದರಂತೆ. ಉಪ್ಪಿನಕಾಯಿಯ ಭರಣಿಗಳ ಕೆಳಗಿನಿಂದ ಆ ಕಾಗದಗಳನ್ನು ನಾವೇ ಎಬ್ಬಿಸಿ ತೆಗೆದೆವು. ಕೆಂಪು, ಹಸುರು, ಹಳದಿಯ ತೆಳ್ಳಗಿನ ಕಾಗದಗಳು. ಅವುಗಳಲ್ಲಿ ನಾಟಕದ ಹೆಸರು ಸಣ್ಣದು, ಹಾಡುವ ನಟನ ಹೆಸರು ದೊಡ್ಡದು. ಕುರ್ಚಿಗೆ, ಬೆಂಚಿಗೆ, ನೆಲಕ್ಕೆ ಬೇರೆ ಬೇರೆ ದರ. ಸ್ತ್ರೀಯರಿಗೆ ಪ್ರತ್ಯೇಕ ಸ್ಥಳ. ಒಂದರ ಕೊನೆಗೆ, ಆಟ ಮುಗಿದ ಮೇಲೆ ಪರಊರವರಿಗೆ ರೈಲು ಸಿಗುವುದೆಂದು ಅಚ್ಚಾಗಿದೆ. ಈ ಒಂದು ಸಾಲು ನಮಗೆ ನೂರು ಪುಟದ ಚರಿತ್ರೆಗಿಂತ ಹೆಚ್ಚಿನದಾಗಿ ತೋರಿತು. ಅರ್ಧರಾತ್ರಿಯಲ್ಲಿ ಯಲವಿಗಿಯ ಒಕ್ಕಲಿಗನೊಬ್ಬನು ರಂಗಗೀತೆಯನ್ನು ಗುಣುಗುತ್ತ ಗಾಡಿಗಾಗಿ ಕಾದು ಕುಳಿತದ್ದು ಕಣ್ಣಿಗೆ ಕಟ್ಟಿತು.

ಅಲ್ಲಿಂದ ಬ್ಯಾಡಗಿ. ಸುಗ್ಗಿಯ ದಿನಗಳಲ್ಲಿ ಈ ಊರಿನ ವಾಯುವೇ ಬೇರೆ. ನಿಲ್ದಾಣವನ್ನು ದಾಟಿ ಪೇಟೆಯನ್ನು ಸಮೀಪಿಸಿದಂತೆ ಮೂಗು ಚುರುಗುಟ್ಟಿ, ಗಂಟಲು ಕೆರೆದು, ಕಣ್ಣು ಒದ್ದೆಯಾಗುವುದು. ಅಂಗಳದ ತುಂಬ ಚೀಲಗಳು. ಚೀಲದ ಬಾಯಲ್ಲಿ ನೆರಿಗೆ ಬಿದ್ದ ಕಡುಗೆಂಪು ಕಾಯಿ. ಡಬ್ಬಿ, ಕಡ್ಡಿ ಎಂದು ಎರಡು ಜಾತಿ. ಖಾರಕ್ಕಿಂತ ಬಣ್ಣಕ್ಕೇ ಇದಕ್ಕೆ ಬೆಲೆ. ಅದರ ರಂಗಿನ ಸತ್ತ್ವವನ್ನು ತೆಗೆದು ದೂರದೂರದ ದೇಶಗಳಿಗೆ ಕಳುಹಿಸುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಲಿಕ ಗುರುತಿನ ಮನ್ನಣೆಯೂ ದೊರೆಯಿತು. ಗಾಯಕರು ಕಂಠಕ್ಕೆ ಹೆದರಿ ದೂರವಿಡುವ ವಸ್ತುಗಳಲ್ಲಿ ಮೊದಲನೆಯದೇ ಈ ಊರಿನ ಐಶ್ವರ್ಯ! ಆದರೂ ಮೆಣಸಿನಕಾಯಿಯ ಹಣ ಕೈಯಲ್ಲಿ ಆಡುವ ತಿಂಗಳುಗಳನ್ನು ನೋಡಿಯೇ ಕಂಪನಿಗಳು ಇಲ್ಲಿ ಬಿಡಾರ ಹೂಡುತ್ತಿದ್ದವೆಂದು ಹಳಬರೊಬ್ಬರು ಹೇಳಿದರು. ಎರಡನೆಯ ಅಂಕದಲ್ಲಿ ನಾಯಕಿಯು ಆಲಾಪವನ್ನೆತ್ತುವ ಹೊತ್ತಿಗೆ ನೆಲದ ಮೇಲಿನವರೆಲ್ಲ ಕೆಮ್ಮುತ್ತಿದ್ದರಂತೆ. ಅರಿವೆಯಲ್ಲಿ ಘಾಟನ್ನು ಹೊತ್ತು ತಂದವರಲ್ಲವೇ!

ಆ ಹಳಬರೇ ನಮ್ಮನ್ನು ಒಂದು ಅಡತಿ ವ್ಯಾಪಾರಿಗಳ ಮನೆಗೆ ಕರೆದೊಯ್ದರು. ಮನೆಯ ಯಜಮಾನರು ಐವತ್ತು ದಾಟಿದವರು, ಸುಸ್ವಭಾವಿಗಳು. ಅಟ್ಟದಿಂದ ಒಂದು ಟ್ರಂಕನ್ನು ಇಳಿಸಿ ಮುಂದಿಟ್ಟರು. ಅದರಲ್ಲಿ ಹನ್ನೊಂದು ಅರಗಿನ ಗ್ರಾಮಫೋನ ತಟ್ಟೆಗಳು, ಗೆಜ್ಜೆಯ ಒಂದು ಜೊತೆ, ಒಂದು ಹಸ್ತಪತ್ರ. ಹಸ್ತಪತ್ರದಲ್ಲಿ ದೊಡ್ಡ ಅಕ್ಷರಗಳಲ್ಲಿ ಒಬ್ಬ ಗಾಯಿಕೆಯ ಹೆಸರು. ಆಕೆಯು ಈ ಯಜಮಾನರ ಅಜ್ಜಿ. ಕಂಪನಿಯೊಡನೆ ಬಂದವಳು, ಇವರ ಅಜ್ಜನು ಆಕೆಯ ಹಾಡನ್ನು ಕೇಳಿ, ಕಂಪನಿಯು ಮುಂದಿನ ಊರಿಗೆ ಹೊರಟಾಗ ಆಕೆಯನ್ನು ಇಲ್ಲಿಯೇ ಉಳಿಸಿಕೊಂಡನು. ಆ ಮೇಲೆ ಆಕೆ ರಂಗವನ್ನು ಹತ್ತಲಿಲ್ಲ. ನಾವು ಹೆಸರನ್ನು ಬರೆದುಕೊಳ್ಳಲು ಹೋಗಲಾಗಿ ಯಜಮಾನರು ಮೆಲ್ಲಗೆ ನಮ್ಮ ಕೈಯನ್ನು ಹಿಡಿದರು.

"ಹಾಡ್ತಿದ್ದಳು ಅಂತ ಬರೀರಿ ಸರ, ಬ್ಯಾಡ ಅನ್ನೂದಿಲ್ಲ. ಹೆಸರು ಮಾತ್ರ ಬ್ಯಾಡ. ಮನ್ಯಾಗ ಹೆಣ್ಣುಮಕ್ಕಳ ಮದುವಿ ಆಗೂದೈತಿ."

ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಅವರ ಸೋದರತ್ತೆಯು ಮಲಗಿದ್ದರು, ಆ ಗಾಯಿಕೆಯ ಮಗಳು, ಎಂಬತ್ತೈದು ದಾಟಿದವರು. ಮಾತು ಅವರ ಕಿವಿಗೆ ಬಿದ್ದಿತ್ತು. ನಮ್ಮನ್ನು ಒಳಗೆ ಕರೆಯಿಸಿ, ತಾಯಿಯು ಹೊಸ್ತಿಲು ಸಾರಿಸುವಾಗ ಹಾಡುತ್ತಿದ್ದ ಒಂದು ರಂಗಗೀತೆಯನ್ನು ತಾವಾಗಿಯೇ ಹಾಡಿದರು. ಧ್ವನಿಯು ನಡುಗುತ್ತಿತ್ತು, ಸ್ವರವು ನಡುಗುತ್ತಿರಲಿಲ್ಲ. ಭೀಮಪಲಾಸದ ನಿಷಾದಕ್ಕೆ ಬಂದಾಗ ಒಂದು ಕ್ಷಣ ಅಲ್ಲಿ ನಿಂತು, ನಾವು ಗಮನಿಸಿದೆವೋ ಇಲ್ಲವೋ ಎಂದು ನಮ್ಮ ಮುಖವನ್ನು ನೋಡಿದರು. ಮುಗಿಸಿದ ಮೇಲೆ ಅಂದರು: "ನಮ್ಮವ್ವನ ಹೆಸರು ಅಳಿಸಿ, ಬರೇ ಹಾಡು ತಗೊಂಡು ಏನ್ ಮಾಡ್ತೀರಿ ಮಾಸ್ತರ? ಹಾಡು ಎಲ್ಲಾರ ಮನ್ಯಾಗೂ ಐತಿ."

ಆ ಮನೆಯಲ್ಲಿ ನಮಗೆ ಚಹಾ ಕೊಟ್ಟರು, ಹೋಗುವಾಗ ಒಂದು ಸೇರು ಡಬ್ಬಿ ಮೆಣಸಿನಕಾಯಿಯನ್ನೂ ಕಟ್ಟಿಕೊಟ್ಟರು. ಆದರೆ ನಾವು ಭಾರವಾದ ಮನಸ್ಸಿನಿಂದಲೇ ಗಾಡಿಯನ್ನು ಹತ್ತಿದೆವು.

ನಡುವೆ ದೇವರಗುಡ್ಡ. ಇಲ್ಲಿಯ ಮಾಲತೇಶನ ಗೊರವರು ಕಂಬಳಿಯನ್ನು ಹೊದ್ದು, ಡಮರುವನ್ನು ನುಡಿಸುತ್ತ, ಕೊಳಲನ್ನೂದುತ್ತ ಬರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ನವರಾತ್ರಿಯಲ್ಲಿ ನಡೆಯುವ ಕಾರಣಿಕದ ನುಡಿಯನ್ನು ಕೇಳಲು ನೆರೆಯುವ ಜನಸಾಗರವು ಒಮ್ಮೆಲೇ ನಿಶ್ಶಬ್ದವಾಗುವುದಂತೆ. ಕೇಳುಗರ ಚರಿತ್ರೆಯಲ್ಲಿ ಆ ಮೌನಕ್ಕೂ ಸ್ಥಾನವಿರಬೇಕೆಂದು ನಾಲ್ಕು ಪುಟಗಳನ್ನು ಮೀಸಲಿಟ್ಟಿದ್ದೇವೆ.

ರಾಣೆಬೆನ್ನೂರಿನಲ್ಲಿ ನಮಗೆ ದೊರೆತದ್ದು ನಿಧಿಯೇ ಸರಿ. ಪೇಟೆಯ ಗದ್ದಲದ ನಡುವೆ, ಇಬ್ಬರು ಕುಳಿತರೆ ಮೂರನೆಯವನು ನಿಲ್ಲಬೇಕಾದಂಥ ಅಂಗಡಿಯಲ್ಲಿ, ಒಬ್ಬರು ಹಾರ್ಮೋನಿಯಂ ದುರಸ್ತಿ ಮಾಡುತ್ತಾರೆ. ಈ ಸೀಮೆಯ ಜನರು ಅದನ್ನು ಪೇಟಿಯೆಂದೇ ಕರೆಯುವರು. ತಂದೆಯ ಕಾಲದಿಂದ ನಡೆದು ಬಂದ ಕಸುಬು. ತಿದಿಯ ಚರ್ಮವನ್ನು ಬದಲಿಸುವುದು, ಹಿತ್ತಾಳೆಯ ನಾಲಗೆಗಳನ್ನು ಅರದಿಂದ ಸ್ವಲ್ಪವೇ ಕೆರೆದು ಶ್ರುತಿಗೆ ತರುವುದು. ತುದಿಯಲ್ಲಿ ಕೆರೆದರೆ ಸ್ವರವು ಏರುವುದು, ಬುಡದಲ್ಲಿ ಕೆರೆದರೆ ಇಳಿಯುವುದು ಎಂದು ನಮಗೆ ಕೈಯಲ್ಲಿ ಹಿಡಿದು ತೋರಿಸಿದರು. ಅವರ ತಂದೆಯು ಒಂದು ಕಿರ್ದಿಯನ್ನು ಇಟ್ಟಿದ್ದನು. ಪೇಟಿಯು ಯಾವ ಊರಿನದು, ಯಾರು ತಂದರು, ಏನಾಗಿತ್ತು, ಎಷ್ಟು ಕೊಟ್ಟರು, ಎಷ್ಟು ಬಾಕಿ ಎಂಬುದು ಅದರಲ್ಲಿ ಸಾಲುಸಾಲಾಗಿ ಇದೆ. ಬಾಕಿಯ ಅಂಕಣವೇ ಹೆಚ್ಚು ತುಂಬಿದೆ! ಒಂದು ಪೇಟಿಗೆ ಇಲಿ ಕಡಿದಿದೆ. ಒಂದು ತುಂಗಭದ್ರೆಯ ನೆರೆಯಲ್ಲಿ ನೆನೆದಿದೆ. ಒಂದರ ಮೇಲೆ ಭಜನೆಯ ಆವೇಶದಲ್ಲಿ ಯಾರೋ ಕುಳಿತಿದ್ದಾರೆ. ಊರಿನ ಹೆಸರುಗಳನ್ನು ನಾವು ನಕಾಶೆಯ ಮೇಲೆ ಗುರುತು ಹಾಕಿ ನೋಡಲಾಗಿ, ಭಜನೆಯ ಮೇಳವಿಲ್ಲದ ಹಳ್ಳಿಯನ್ನು ಹುಡುಕುವುದೇ ಕಷ್ಟವಾಯಿತು.

ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮಿಗೆ ಬಹಿಷ್ಕಾರ ಹಾಕಿತ್ತೆಂಬುದನ್ನು ವಾಚಕರು ಕೇಳಿರಬಹುದು. ನಮ್ಮ ರಾಗಗಳ ಸೂಕ್ಷ್ಮ ಶ್ರುತಿಗಳು ಅದರಲ್ಲಿ ನುಡಿಯಲಾರವೆಂಬುದು ಕಾರಣ. 1971ರ ಸುಮಾರಿಗೆ ಆ ನಿರ್ಬಂಧವು ಸಡಿಲಾಯಿತು. ಶಾಸ್ತ್ರದ ದೃಷ್ಟಿಯಿಂದ ಬಹಿಷ್ಕಾರವು ಸರಿಯೇ ಇದ್ದೀತು. ನಾವೂ ಆ ಪಕ್ಷಕ್ಕೆ ಸೇರಿದವರೇ. ಆದರೆ ಆ ಕಿರ್ದಿಯಲ್ಲಿ 1940ರ ಮುಂದಿನ ಪುಟಗಳು ಹಿಂದಿನವುಗಳಷ್ಟೇ ದಟ್ಟವಾಗಿವೆ. "ರೇಡಿಯೋದವರು ಬ್ಯಾಡ ಅಂದ್ರು, ಹಳ್ಳ್ಯಾಗಿನವರು ಬಿಡಲಿಲ್ಲರಿ" ಎಂದು ದುರಸ್ತಿಯವರು ನಕ್ಕರು. ಈಗ ವಿದ್ಯುತ್ತಿನ ಕೀಲಿಮಣೆಗಳು ಬಂದು ಕೆಲಸವು ಇಳಿದಿದೆ. ಮಗನು ಮೊಬೈಲ್ ದುರಸ್ತಿಯನ್ನು ಕಲಿತು ಅದೇ ಅಂಗಡಿಯ ಅರ್ಧದಲ್ಲಿ ಕುಳಿತಿದ್ದಾನೆ. ಕಿರ್ದಿಯ ಪುಟಗಳ ಚಿತ್ರವನ್ನು ತೆಗೆದುಕೊಟ್ಟವನು ಅವನೇ.

ಬರೆಯುವ ಕೆಲಸವು ಹೀಗೆ ಮುಗಿಯಿತು. ಪ್ರಕಟನೆಯ ಕೆಲಸವು ಉಳಿಯಿತು. ಸಹಾಯಧನಕ್ಕಾಗಿ ನಾವು ಒಂದು ಕಚೇರಿಗೆ ನಾಲ್ಕು ಸಲ ಅಲೆದೆವು. ಹೆಸರಾಂತ ಕಲಾವಿದರ ಜೀವನಚರಿತ್ರೆಯಾದರೆ ಕೊಡಬಹುದು, ಕೇಳುಗರ ಚರಿತ್ರೆಗೆ ನಿಯಮವಿಲ್ಲ ಎಂದರು. ನಿಯಮವನ್ನು ಹಳಿದು ಫಲವಿಲ್ಲ. ಮನೆಗೆ ಬಂದು ಗಳಗನಾಥರನ್ನು ನೆನೆದೆವು. ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಇದೇ ಹಾವೇರಿ ತಾಲೂಕಿನ ಗಳಗನಾಥದವರು. ವರದೆಯು ತುಂಗಭದ್ರೆಯನ್ನು ಕೂಡುವ ಊರು ಅದು. ನಮ್ಮಂತೆಯೇ ಶಾಲಾ ಮಾಸ್ತರರು. ಹಾವೇರಿಯ ಸಮೀಪದ ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ'ಯೆಂಬ ಮಾಸಪತ್ರಿಕೆಯು ಅವರ ಕಾದಂಬರಿಗಳಿಂದಲೇ ಮನೆಮನೆಯ ಮಾತಾಯಿತು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಮನುಷ್ಯರು ಅವರು. ಕನ್ನಡವನ್ನು ಓದುವವರೇ ಇಲ್ಲವೆಂಬ ಕಾಲದಲ್ಲಿ ಅವರು ಓದುಗರನ್ನು ಬಾಗಿಲು ತಟ್ಟಿ ಎಬ್ಬಿಸಿದರು. 2023ರ ಜನವರಿಯಲ್ಲಿ ಹಾವೇರಿಯಲ್ಲಿ ಎಂಬತ್ತಾರನೆಯ ಸಾಹಿತ್ಯ ಸಮ್ಮೇಲನವು ನಡೆದಾಗ ಪುಸ್ತಕದ ಅಂಗಡಿಗಳ ಮುಂದಿನ ನೂಕುನುಗ್ಗಲನ್ನು ಕಂಡು ನಮಗೆ ಆ ಗಂಟೇ ನೆನಪಾಗಿತ್ತು.

ಅಸ್ತು. ನಿವೃತ್ತಿವೇತನದಿಂದ ಉಳಿಸಿದ ಹಣದಲ್ಲಿ ಐದು ನೂರು ಪ್ರತಿಗಳನ್ನು ಅಚ್ಚು ಹಾಕಿಸಲು ನಿಶ್ಚಯಿಸಿ, ಕಾಗದದ ಮುಂಗಡವನ್ನೂ ಕೊಟ್ಟೆವು. ಮೊದಲನೆಯ ಎರಡು ಪ್ರಕರಣಗಳು ಆಗಲೇ ತಿದ್ದಿ ಹೋಗಿವೆ. ಬ್ಯಾಡಗಿಯ ಪ್ರಕರಣದಲ್ಲಿ ಮಾತ್ರ ಕೆಲಸವು ನಿಂತಿದೆ.

ನಮ್ಮ ವಿಚಾರವನ್ನು ಮುಚ್ಚಿಡುವುದಿಲ್ಲ. ಗಂಗೂಬಾಯಿಯವರು 'ನನ್ನ ಬದುಕಿನ ಹಾಡು' ಎಂಬ ಆತ್ಮಕಥೆಯನ್ನು ಬರೆದಿದ್ದಾರೆ. ಹಾಡುವವರ ಮನೆಯ ಹುಡುಗಿಯೆಂದು ಬೀದಿಯ ಜನರಿಂದ ಮೂದಲೆಯನ್ನು ಉಂಡವರು ಅವರು. ಅವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತವನ್ನು ಬಲ್ಲವರು. ಅವರ ಹಾಡನ್ನು ಕೇಳಲು ಕರೀಮಖಾನರಂಥವರು ಬಂದು ಕೂಡುತ್ತಿದ್ದರು. ಮಗಳು ತಾಯಿಯ ಹೆಸರನ್ನು ಎತ್ತಿ ಹೇಳಿದ್ದರಿಂದ ಅದು ಇಂದಿಗೂ ಉಳಿದಿದೆ. ಬ್ಯಾಡಗಿಯ ಮಂಚದ ಮೇಲಿನ ಆ ವೃದ್ಧೆಯು ಬೇಡುತ್ತಿರುವುದು ಅಷ್ಟನ್ನೇ. ತಾಯಿಯ ಹೆಸರಿನ ಮೇಲೆ ಮಗಳಿಗಿರುವ ಅಧಿಕಾರವು ಮೊಮ್ಮಗನಿಗಿಂತ ಹೆಚ್ಚಿನದೆಂದು ನಮಗೆ ತೋರುತ್ತದೆ. ಆದರೆ ಬೀಗರು ಶಾಸ್ತ್ರವನ್ನು ಓದಿ ಸಂಬಂಧಕ್ಕೆ ಬರುವುದಿಲ್ಲವೆಂಬುದೂ ನಮಗೆ ಗೊತ್ತು. ನಾವೂ ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನು ಮಾಡಿದವರು. ಮನೆಯಲ್ಲಿ ಕೇಳಿದರೆ, "ಆ ಮುದುಕಿ ಹೇಳಿದಂಗ ಮಾಡ್ರಿ" ಎಂದು ನಮ್ಮವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಮುಂಬಯಿಯ ಶಿಷ್ಯನು, ಯಜಮಾನರ ಒಪ್ಪಿಗೆಯಿಲ್ಲದೆ ಅಚ್ಚು ಹಾಕಿಸಬೇಡಿರೆಂದು ಬರೆದನು.

ಕರಡಿನಲ್ಲಿ ಆ ಹೆಸರಿನ ಸ್ಥಳವನ್ನು ಸದ್ಯಕ್ಕೆ ಖಾಲಿ ಬಿಡಿಸಿದ್ದೇವೆ. ಎರಡು ಪ್ರತಿಗಳನ್ನು ಬ್ಯಾಡಗಿಗೆ ಕಳುಹಿಸಿ, ಒಂದನ್ನು ಯಜಮಾನರಿಗೆ, ಒಂದನ್ನು ಅತ್ತೆಯವರಿಗೆ ಎಂದು ಮೇಲೆ ಬರೆದೆವು. ಯಜಮಾನರಿಂದ ಒಂದು ಕಾಗದವು ಬಂದಿದೆ: ಅತ್ತೆಯವರಿಗೆ ಕಣ್ಣು ಕಾಣದಾದ್ದರಿಂದ ಅದನ್ನು ತಮ್ಮ ಹಿರಿಯ ಮಗಳು ಓದಿ ಹೇಳುತ್ತಿದ್ದಾಳೆ, ದಿನಕ್ಕೆ ಎರಡು ಪುಟದಂತೆ, ಇನ್ನೂ ಆ ಪುಟಕ್ಕೆ ಬಂದಿಲ್ಲ. ಮದುವೆಗೆ ನೋಡುತ್ತಿರುವುದು ಆ ಹುಡುಗಿಗೇ. ಮುದ್ರಕರು ಈ ತಿಂಗಳ ಕೊನೆಯವರೆಗೆ ಅವಧಿಯನ್ನು ಕೊಟ್ಟಿದ್ದಾರೆ. ಬರುವ ವಾರ ಹುಬ್ಬಳ್ಳಿಯ ಗಾಡಿಯಲ್ಲಿ ನಾವು ಮತ್ತೆ ಬ್ಯಾಡಗಿಗೆ ಹೋಗುವವರಿದ್ದೇವೆ.